ವಾತ್ಸಲ್ಯರಹಿತ ಸಾಕ್ಷಿ

ಮನುಷ್ಯನು ಬದುಕಿನಿಂದಲೂ ಏನಾದರೂ ಕಲಿಯಬಲ್ಲನೆಂಬ ಸಂಗತಿಯನ್ನು ಕಾಲೇಜಿನ ಆಡಳಿತ ಮಂಡಳಿಯು ಒಂದು ಸೋಮವಾರ, ಊಟದ ನಂತರದ ಸಭೆಯಲ್ಲಿ, ಬಹುಮತದಿಂದ ಅಂಗೀಕರಿಸಿತು. ಅಲ್ಲಿಯವರೆಗೆ ಹಾಗೆ ಕಲಿತವರ ಕಲಿಕೆಯೆಲ್ಲ ಅನಧಿಕೃತವಾಗಿತ್ತು. ಇನ್ನು ಮುಂದೆ ಪೂರ್ವಾನುಭವ ಉಳ್ಳವರು ಅದನ್ನು ತಂದು ಕಾಲೇಜಿನ ಮುಂದಿಟ್ಟರೆ ಪರಿಶೀಲಿಸಿ ತಕ್ಕಷ್ಟು ಕ್ರೆಡಿಟ್ ಕೊಡಲಾಗುವುದೆಂದೂ, ಕ್ರೆಡಿಟ್‌ಗಳು ಸಾಕಷ್ಟು ಕೂಡಿದಲ್ಲಿ ತರಗತಿಯ ಬಾಗಿಲನ್ನೇ ನೋಡದೆ ಪದವಿ ಪಡೆಯಬಹುದೆಂದೂ ಸೂಚನಾ ಫಲಕದಲ್ಲಿ ಪ್ರಕಟಿಸಲಾಯಿತು. ಅದೇ ಫಲಕದಲ್ಲಿ ಅದರ ಪಕ್ಕಕ್ಕೇ ಇನ್ನೊಂದು ಪ್ರಕಟಣೆಯಿತ್ತು: ಪದವಿ ಇಲ್ಲದ ಯಾರೂ ಈ ವರ್ಷ ಮುಗಿದ ಮೇಲೆ ಕಾಲೇಜಿನ ಯಾವ ಹುದ್ದೆಯಲ್ಲೂ ಇರತಕ್ಕದ್ದಲ್ಲ. ಈ ಎರಡು ಪ್ರಕಟಣೆಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಮೂರನೆಯ ಪ್ರಕಟಣೆ ಸ್ಪಷ್ಟಪಡಿಸಿತು.

ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನಮ್ಮ ಮೂರನ್ನೂ ಓದಿ, ಕನ್ನಡಕ ಒರೆಸಿಕೊಂಡು, ಮತ್ತೊಮ್ಮೆ ಓದಿದರು. ಅವರು ಹಂಗಾಮಿ ವಾರ್ಡನ್. ಹಂಗಾಮಿ ಎಂದರೆ ತಾತ್ಕಾಲಿಕ. ಅವರು ತಾತ್ಕಾಲಿಕವಾಗಿ ಬಂದಾಗ ಹಾಸ್ಟೆಲಿನಲ್ಲಿದ್ದ ಹುಡುಗಿಯರ ಮಕ್ಕಳು ಈಗ ಅದೇ ಕೋಣೆಗಳಲ್ಲಿ ಓದುತ್ತಿದ್ದರು. ಪದವಿಯೊಂದು ಬಿಟ್ಟು ಮಿಕ್ಕೆಲ್ಲ ಅವರಲ್ಲಿತ್ತು. ಹುದ್ದೆಯ ಜೊತೆಗೆ ಗೇಟಿನ ಪಕ್ಕದ ಎರಡು ಕೋಣೆಗಳ ಮನೆಯೂ ಇತ್ತು. ಹುದ್ದೆ ಹೋದರೆ ಮನೆಯೂ ಹೋಗುತ್ತದೆ. ಬೇರೆ ಮನೆ ಎಂಬುದು ಅವರಿಗೆ ಇರಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದರು. ಯಜಮಾನರು ನಿವೃತ್ತ ಬಸ್ ಕಂಡಕ್ಟರು. ಜೀವಮಾನವೆಲ್ಲ ಕೂಗಿ ಕೂಗಿ ಸಾಕಾಗಿ, ಈಗ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು.

"ಅದಕ್ಕೇನು, ಒಂದು ಡಿಗ್ರಿ ತಗೊಂಡ್ಬಿಡು," ಎಂದರು.

"ಡಿಗ್ರಿ ಏನು ಬೆಂಕಿಪೊಟ್ಟಣವೇನ್ರೀ, ಅಂಗಡಿಗೆ ಹೋಗಿ ತರೋಕೆ?"

"ಈಗ ಹಾಗೇ ಅಂತಲ್ಲ ಬೋರ್ಡಲ್ಲಿ ಹಾಕಿರೋದು?"

ಮಾತು ಸರಿಯಾಗಿಯೇ ಇತ್ತು. ಮರುದಿನ ಇಬ್ಬರೂ ಪೂರ್ವಾನುಭವ ಮನ್ನಣಾ ವಿಭಾಗಕ್ಕೆ ಹೋದರು. ವಿಭಾಗದ ನಿರ್ದೇಶಕರು ಈ ಕೆಲಸದಲ್ಲಿ ಯಾವ ಪೂರ್ವಾನುಭವವೂ ಇಲ್ಲದವರು. ಆದ್ದರಿಂದ ನಿಷ್ಪಕ್ಷಪಾತಿಗಳೆಂದು ಆಯ್ಕೆಯಾದವರು. ಅವರ ಮೇಜಿನ ಮೇಲೆ ನಿಯಮಾವಳಿಯ ಪುಸ್ತಕವೊಂದೇ ಇತ್ತು. ಅದನ್ನು ಅವರು ಕೂಸಿನ ತಲೆ ಸವರುವಂತೆ ಆಗಾಗ ಸವರುತ್ತಿದ್ದರು.

"ಹೇಳಿ ಮೇಡಂ, ತಮ್ಮ ಅನುಭವ ಏನು?"

"ಅಡುಗೆ ಮನೆ ನೋಡ್ಕೋತೀನಿ ಸಾರ್. ಹುಡುಗೀರ ಜ್ವರ, ಹುಡುಗೀರ ಅಳು, ನೀರಿನ ಟ್ಯಾಂಕು, ರಾತ್ರಿ ಗೇಟು..."

"ಸಾಕ್ಷಿ?"

"ಹುಡುಗೀರೇ ಇದ್ದಾರಲ್ಲ ಸಾರ್, ಒಂದು ಹಾಸ್ಟೆಲ್ ತುಂಬ!"

ನಿರ್ದೇಶಕರು ವಿಷಾದದಿಂದ ಪುಸ್ತಕ ತೆರೆದರು. "ಅರ್ಜಿದಾರರ ಕೈಯಲ್ಲಿ ಉಂಡವರು, ಆರೈಕೆ ಪಡೆದವರು, ಬಂಧುಗಳು, ಸ್ನೇಹಿತರು ಹಾಗೂ ಇತರೆ ಹಿತೈಷಿಗಳು ನೀಡುವ ಸಾಕ್ಷ್ಯವು ಅಸಿಂಧು. ಸಾಕ್ಷಿಯು ಸಂಪೂರ್ಣ ವಾತ್ಸಲ್ಯರಹಿತನಾಗಿರತಕ್ಕದ್ದು. ಮೇಡಂ, ನಿಮ್ಮನ್ನು ಕಂಡರೆ ಆಗದವರು ಬೇಕು. ಅಂಥವರು ಮಾತ್ರ ನಿಜ ಹೇಳ್ತಾರೆ ಅನ್ನೋದು ಮಂಡಳಿಯ ಅಭಿಪ್ರಾಯ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ ಸಾರ್. ನನಗೇನೂ ಇವಳ ಮೇಲೆ ಅಂಥಾ ಪ್ರೀತಿ ಇಲ್ಲ."

"ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಅದನ್ನ ಇವಳನ್ನೇ ಕೇಳ್ಬೇಕು."

ನಿರ್ದೇಶಕರಿಗೆ ಈ ಉತ್ತರ ಮೆಚ್ಚುಗೆಯಾಯಿತು. ಪೆನ್ನು ಕೂಡ ಎತ್ತಿಕೊಂಡರು. ಆದರೆ ಅಷ್ಟರಲ್ಲಿ ಅವರ ದೃಷ್ಟಿ ಯಜಮಾನರ ಕೈಗಳ ಮೇಲೆ ಬಿತ್ತು. ಒಂದು ಕೈಯಲ್ಲಿ ಹೆಂಗಸರ ಕೊಡೆ, ಇನ್ನೊಂದರಲ್ಲಿ ಹೆಂಗಸರ ಚೀಲ, ಕಂಕುಳಲ್ಲಿ ಹೆಂಡತಿಗೆಂದು ತಂದ ನೀರಿನ ಬಾಟಲಿ.

"ವಾತ್ಸಲ್ಯ ಕಂಡುಬಂದಿದೆ," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು.

ಆ ವಾರವೆಲ್ಲ ವಾರ್ಡನಮ್ಮ ತಮ್ಮನ್ನು ಕಂಡರೆ ಆಗದವರನ್ನು ಹುಡುಕಿಕೊಂಡು ಅಲೆದರು. ಹಾಲಿನವನು ಕೈಮುಗಿದ. ಹಾಸ್ಟೆಲಿನ ಕಾವಲುಗಾರ, "ನಿಮ್ಮನ್ನ ಕಂಡ್ರೆ ಆಗಲ್ಲ ಅಂತ ನಾನು ಬರೆದುಕೊಡೋದಾ ಅಮ್ಮಾ? ನನ್ನ ಕೈ ಬಿದ್ದುಹೋಗುತ್ತೆ," ಎಂದು ಕಣ್ಣೀರು ಹಾಕಿದ. ಹುಡುಗಿಯೊಬ್ಬಳನ್ನು ಕಾರಣವಿಲ್ಲದೆ ಬೈದು ನೋಡಿದರು. ಆಕೆ, "ಆಂಟಿ, ನಿಮಗೆ ಮೈ ಹುಷಾರಿಲ್ವಾ?" ಎಂದು ಅವರ ಹಣೆ ಮುಟ್ಟಿ ನೋಡಿದಳು. ಇಷ್ಟು ವರ್ಷ ಒಳ್ಳೆಯವರಾಗಿದ್ದುಕೊಂಡು ಏನು ಕಡಿದು ಕಟ್ಟೆ ಹಾಕಿದೆ ಎಂದು ವಾರ್ಡನಮ್ಮ ತಮ್ಮನ್ನು ತಾವೇ ಹಳಿದುಕೊಂಡರು.

ಶನಿವಾರ ಬೆಳಗ್ಗೆ ಅವರು ಒಲೆಯ ಮುಂದೆ ನಿಂತಿದ್ದಾಗ ಕಿಟಕಿಯಿಂದ ಹಸಿರು ಬಟ್ಟೆಯ ಚೂರೊಂದು ಹಾರಿಬಂದು ಹಾಲಿನ ಪಾತ್ರೆಗೆ ಬಿತ್ತು. ಎಂದಿನಂತೆ ಅವರು ಕಿಟಕಿಗೆ ಮುಖ ಕೊಟ್ಟು, ಸೆರಗು ಬಿಗಿದು, ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು.

"ರೀ," ಎಂದರು ಯಜಮಾನರಿಗೆ, "ಸಿಕ್ಕಳು."

ಕಿಟಕಿಯಾಚೆಗೆ ಹಾಸ್ಟೆಲಿನ ಕಾಂಪೌಂಡ್ ಗೋಡೆ. ಗೋಡೆಯಾಚೆಗೆ ಹೊಲಿಗೆಯಮ್ಮನ ಅಂಗಡಿ ಮತ್ತು ಮನೆ. ಅಂಗಡಿಯ ಬಟ್ಟೆ ಚೂರುಗಳು ಗೋಡೆ ಹಾರಿ ಈಚೆ ಬರುತ್ತಿದ್ದವು. ಹಾಸ್ಟೆಲಿನ ಮೋರಿ ನೀರು ಗೋಡೆಯಡಿ ನುಸುಳಿ ಆಚೆ ಹೋಗುತ್ತಿತ್ತು. ಈ ವಿನಿಮಯದ ಕುರಿತು ಇಬ್ಬರು ಹೆಂಗಸರೂ ಹುಡುಗಿಯರು ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಪ್ರತಿದಿನ ಜಗಳವಾಡುತ್ತಿದ್ದರು. ಬೀದಿಯ ಎಷ್ಟೋ ಮನೆಗಳಲ್ಲಿ ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟಿದ್ದರು.

ವಾರ್ಡನಮ್ಮ ಅಂದು ಮೊದಲ ಬಾರಿಗೆ ಬೀದಿ ಸುತ್ತಿಕೊಂಡು ಹೊಲಿಗೆಯಮ್ಮನ ಮುಂಬಾಗಿಲಿಗೆ ಹೋದರು.

"ಏನೇ, ಬಾಗಿಲಿಗೇ ಬಂದ್ಬಿಟ್ಟೆ? ಗೋಡೆ ಸಾಲ್ಲಿಲ್ವಾ ನಿನಗೆ?" ಎಂದರು ಹೊಲಿಗೆಯಮ್ಮ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ.

"ಜಗಳಕ್ಕೆ ಬಂದಿಲ್ಲ ಕಣೇ. ಒಂದು ಮಾತು ಕೇಳ್ಬೇಕಿತ್ತು. ನನ್ನ ಕಂಡ್ರೆ ನಿನಗೆ ಆಗಲ್ಲ ತಾನೆ?"

"ಮೈ ಉರಿಯುತ್ತೆ."

"ಹಾಗಂತ ಬರೆದುಕೊಡ್ತೀಯಾ?"

"ರಕ್ತದಲ್ಲಿ ಬೇಕಾದ್ರೂ ಬರೆದುಕೊಡ್ತೀನಿ!"

"ಪೆನ್ನಲ್ಲಿ ಸಾಕು," ಎಂದು ವಾರ್ಡನಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು, ಹುದ್ದೆಯ ವಿಷಯ, ಮನೆಯ ವಿಷಯ ಎಲ್ಲ ಹೇಳಿದರು. ಹೊಲಿಗೆಯಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದರು. ಈಕೆ ಹೋದರೆ ಆ ಮನೆಗೆ ಇನ್ಯಾರೋ ಬರುತ್ತಾರೆ, ಅವರು ಎಂಥ ಮೂಕಬಸವಿಯೋ ಏನೋ ಎಂಬ ಚಿಂತೆ ಅವರ ಮುಖದಲ್ಲಿ ಹಾದುಹೋಯಿತು. "ನಡಿ," ಎಂದರು.

ವಿಭಾಗಕ್ಕೆ ಬಂದ ಮೊದಲ ಸಿಂಧು ಸಾಕ್ಷಿಯನ್ನು ನಿರ್ದೇಶಕರು ಎದ್ದು ನಿಂತು ಬರಮಾಡಿಕೊಂಡರು.

"ಅರ್ಜಿದಾರರು ಅಡುಗೆಯ ಉಸ್ತುವಾರಿ ಮಾಡೋದನ್ನ ನೋಡಿದ್ದೀರಾ?"

"ಇವಳ ಅಡುಗೆಮನೆ ನಾನ್ಯಾಕೆ ನೋಡ್ಲಿ?"

"ರೋಗಿಗಳ ಆರೈಕೆ?"

"ಗೋಡೆ ಅಡ್ಡ ಇದೆ."

"ಮತ್ತೆ ಏನು ನೋಡಿದ್ದೀರಿ?"

"ಜಗಳ."

ನಿರ್ದೇಶಕರು ಅದನ್ನೇ ಬರೆದುಕೊಂಡರು. ನಿಯಮದ ಪ್ರಕಾರ ಸಾಕ್ಷಿ ಕಂಡದ್ದೇ ಅನುಭವ, ಕಾಣದ್ದು ವದಂತಿ. ಹಾಗಾಗಿ ವಾರ್ಡನಮ್ಮನ ಅಡುಗೆ, ಆರೈಕೆ, ಟ್ಯಾಂಕು, ಗೇಟು ಇವೆಲ್ಲ ವದಂತಿಗಳೆಂದು ಕೈಬಿಟ್ಟು, ಜಗಳವನ್ನು ಮಾತ್ರ ಮೌಲ್ಯಮಾಪನಕ್ಕೆ ತೆಗೆದುಕೊಳ್ಳಲಾಯಿತು. ಜಗಳವು ಒಬ್ಬರಿಂದ ಆಗುವಂಥದ್ದಲ್ಲವಾದ್ದರಿಂದ ಹೊಲಿಗೆಯಮ್ಮನನ್ನು 'ಸಹಾನುಭವಿ' ಎಂದು ನಮೂದಿಸಿ, ಆಕೆಗೂ ಕ್ರೆಡಿಟ್ ಪಡೆಯುವ ಹಕ್ಕಿದೆಯೆಂದು ತಿಳಿಸಲಾಯಿತು. ಪ್ರಾತ್ಯಕ್ಷಿಕೆ ಮುಂದಿನ ಗುರುವಾರ.

ಗುರುವಾರ ಸಭಾಕೊಠಡಿ ಕಿಕ್ಕಿರಿದಿತ್ತು. ಕಾಲೇಜಿನ ಕೆಲವು ವಿಭಾಗಗಳಿಗೆ ವರ್ಷಗಳಿಂದ ಒಬ್ಬ ವಿದ್ಯಾರ್ಥಿಯೂ ಸೇರಿರಲಿಲ್ಲ. ಅನುಭವಸ್ಥರಿಗೆ ಕೊಟ್ಟ ಕ್ರೆಡಿಟ್ಟನ್ನು ಪಾಠ ಮಾಡಿದಂತೆಯೇ ಲೆಕ್ಕ ಹಿಡಿಯಲಾಗುವುದೆಂಬ ಸುದ್ದಿ ಹಬ್ಬಿ, ಆ ವಿಭಾಗಗಳ ಪ್ರಾಧ್ಯಾಪಕರೆಲ್ಲ ಜಗಳದಲ್ಲಿ ತಮ್ಮ ವಿಷಯದ ಅಂಶವೇನಾದರೂ ಇಣುಕಿದರೆ ಹಿಡಿದುಕೊಳ್ಳಲು ಬಂದು ಕುಳಿತಿದ್ದರು. ಇತಿಹಾಸದವರು ಮುಂದಿನ ಸಾಲಿನಲ್ಲಿದ್ದರು.

ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಮುಂದೆ ಚಹಾ, ಬಿಸ್ಕತ್ತು. ನಿರ್ದೇಶಕರು, "ಆರಂಭಿಸಬಹುದು," ಎಂದರು.

"ನೀವೇ ಮೊದಲು ಹೇಳಿ," ಎಂದರು ವಾರ್ಡನಮ್ಮ. ಎಷ್ಟೋ ವರ್ಷ 'ನೀನು' ಎಂದ ಬಾಯಿಗೆ ಆ ಕುರ್ಚಿಯಲ್ಲಿ 'ನೀವು' ಬಂದುಬಿಟ್ಟಿತು.

"ಅಯ್ಯೋ ಇಲ್ಲ, ನೀವು ದೊಡ್ಡೋರು, ನೀವೇ ಹೇಳಿ."

"ಅದೇ... ನಿಮ್ಮ ಬಟ್ಟೆ ಚೂರು ನಮ್ಮ ಕಡೆ ಬರುತ್ತಲ್ಲ... ಗಾಳಿ ಬೀಸಿದ್ರೆ ನೀವು ತಾನೇ ಏನು ಮಾಡ್ತೀರಿ, ಪಾಪ."

"ನಿಮ್ಮ ಮೋರಿ ನೀರೂ ಹಾಗೇ. ಇಳಿಜಾರು ಇದ್ದ ಕಡೆ ಹರೀಬೇಕಲ್ವಾ, ಪಾಪ."

ಎರಡನೆಯ 'ಪಾಪ' ಕೇಳಿಬರುತ್ತಿದ್ದಂತೆ ಇತಿಹಾಸದವರು ಬಿಸ್ಕತ್ತು ತಟ್ಟೆಗೆ ಮರಳಿ ಇಟ್ಟರು. ವರದಿಯಲ್ಲಿ 'ಅನುಭವ ಶೂನ್ಯ' ಎಂದು ದಾಖಲಾಯಿತು. ಆದರೂ ಪ್ರಾಧ್ಯಾಪಕರ ಒತ್ತಾಯಕ್ಕೆ ಮಣಿದು, ಜಗಳವನ್ನು ಅದರ ಸಹಜ ಸ್ಥಳದಲ್ಲೇ ಒಮ್ಮೆ, ಒಮ್ಮೆ ಮಾತ್ರ, ನೋಡುವುದೆಂದು ತೀರ್ಮಾನಿಸಲಾಯಿತು. ಅದೂ ಕೈಕೊಟ್ಟರೆ ವಾರ್ಡನಮ್ಮ ವರ್ಷ ಮುಗಿಯುವ ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡತಕ್ಕದ್ದು.

ದಾರಿಯಲ್ಲಿ ಹೊಲಿಗೆಯಮ್ಮ, "ಥೂ, ಮಾನ ಕಳೆದುಬಿಟ್ವಲ್ಲೇ. ಅಭ್ಯಾಸ ಮಾಡೋಣ ನಡಿ," ಎಂದರು.

ಅಭ್ಯಾಸ ಮಧ್ಯಾಹ್ನಗಳಲ್ಲಿ, ವಾರ್ಡನಮ್ಮನ ಅಡುಗೆಮನೆಯಲ್ಲಿ ನಡೆಯಿತು. ಇಲ್ಲಿ ನಾನು ಹೀಗನ್ನುತ್ತೇನೆ, ಅಲ್ಲಿ ನೀನು ಹಾಗನ್ನು ಎಂದು ಹಂಚಿಕೊಂಡರು. ಹೊತ್ತಾದ್ದರಿಂದ ಒಂದು ದಿನ ಊಟಕ್ಕೂ ಕೂತರು. ಎರಡನೆಯ ದಿನ ಊಟಕ್ಕೆಂದೇ ಕೂತರು. ಮೂರನೆಯ ದಿನ ಹೊಲಿಗೆಯಮ್ಮ, ಒಲೆಗೆ ಬಿಸಿಲು ಬೀಳುತ್ತದೆಂದು ಕಿಟಕಿಗೆ ಒಂದು ಪರದೆ ಹೊಲಿದುತಂದರು. ಅಂಚಿಗೆ ಸಣ್ಣ ಹೂವುಗಳೂ ಇದ್ದವು. ಯಜಮಾನರು ಇದನ್ನೆಲ್ಲ ನೋಡಿ, "ಕೆಡ್ತು," ಎಂದರು.

ಕೆಟ್ಟೇಬಿಟ್ಟಿತು. ಮರುದಿನ ಇಬ್ಬರೂ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ ಬಾಗಿಲಲ್ಲಿ ವಾತ್ಸಲ್ಯ ತನಿಖಾಧಿಕಾರಿ ನಿಂತಿದ್ದರು. ಅವರು ಸಸ್ಯಶಾಸ್ತ್ರದವರು, ಎಲೆಯ ಹಿಂದಿನ ಹುಳು ಕಾಣುವ ಕಣ್ಣು ಎಂದು ಈ ಹೆಚ್ಚುವರಿ ಹೊಣೆ ಅವರಿಗೆ ಬಂದಿತ್ತು.

"ಎರಡು ತಟ್ಟೆ?" ಎಂದರು.

ವಾರ್ಡನಮ್ಮ ತಮ್ಮ ತಟ್ಟೆಯನ್ನು ಸೆರಗಿನಡಿ ಸರಿಸಿದರು. ಹೊಲಿಗೆಯಮ್ಮ ತಲೆ ಕೂಡ ಎತ್ತಲಿಲ್ಲ. "ಉಪ್ಪು ಜಾಸ್ತಿ ಹಾಕ್ತಾಳೆ ಅಂತ ಸಾಬೀತು ಮಾಡೋಕೆ ಕೂತಿದ್ದೀನಿ. ಪೂರ್ತಿ ತಿನ್ನದೆ ಹೇಗೆ ಹೇಳೋದು?"

"ದಿನಾ..." ಎಂದು ಶುರುಮಾಡಿದ ಯಜಮಾನರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಧಿಕಾರಿಗಳು ಪರದೆಯ ಅಂಚು ಹಿಡಿದು ನೋಡಿದರು. "ಈ ಹೊಲಿಗೆ ಯಾರದು?"

"ನಂದೇ."

"ದುಡ್ಡು ತಗೊಂಡ್ರಾ?"

"ಇಲ್ಲ."

"ಅಂದರೆ ವಾತ್ಸಲ್ಯ."

"ಯಾರ್ರೀ ಹೇಳಿದ್ದು? ಬೆಳಗಾಗೆದ್ದು ಇವಳ ಮುಖ ನೋಡೋದು ತಪ್ಪಲಿ ಅಂತ ಕೈಯಿಂದ ಬಟ್ಟೆ ಹಾಕಿ ಹೊಲಿದಿದ್ದೀನಿ!"

"ಹೂವು?"

"ಮುಳ್ಳಿನ ಗಿಡದ್ದು."

ಸಸ್ಯಶಾಸ್ತ್ರದವರು ಬಗ್ಗಿ ನೋಡಿ, ಹೌದೆಂದು ಒಪ್ಪಿದರು. 'ಪರದೆಯು ದ್ವೇಷಮೂಲವಾದದ್ದು' ಎಂದು ಬರೆದುಕೊಂಡು ಹೋದರು.

ಪ್ರಾತ್ಯಕ್ಷಿಕೆಯ ದಿನ ವಾರ್ಡನಮ್ಮನ ಮನೆಯ ಹಿತ್ತಲಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಲಾಗಿತ್ತು. ಗೋಡೆಯಾಚೆ ಹೊಲಿಗೆಯಮ್ಮ ಸ್ಟೂಲಿನ ಮೇಲೆ, ಈಚೆ ವಾರ್ಡನಮ್ಮ ನೆಲದ ಮೇಲೆ. ಯಜಮಾನರು ಮುಂಜಾಗ್ರತೆಯಿಂದ ಒಳಗೆ ಪಾತ್ರೆಗಳನ್ನು ಮೂಟೆ ಕಟ್ಟಲು ಶುರುಮಾಡಿದ್ದರು. ತಟ್ಟೆಗಳ ಸದ್ದು ಹಿತ್ತಲಿಗೆ ಕೇಳುತ್ತಿತ್ತು.

ಜಗಳ ಶುರುವಾಯಿತು. ಸೊಗಸಾಗಿಯೇ ಶುರುವಾಯಿತು, ತೊಂದರೆಯಾದದ್ದೇ ಅಲ್ಲಿ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಿದ್ದರು. ಶಾಲಾ ವಾರ್ಷಿಕೋತ್ಸವದ ಸಂವಾದದ ಹಾಗೆ ಮಾತು ಸರದಿಯಲ್ಲಿ ಬರುತ್ತಿತ್ತು. ನಡುವೆ ಹೊಲಿಗೆಯಮ್ಮ ಮಾತು ಮರೆತು, ಆಕಾಶ ನೋಡುತ್ತ ನಿಂತರು.

"ಮೋರಿ... ಮೋರಿ ಅನ್ನೇ," ಎಂದು ವಾರ್ಡನಮ್ಮ ಪಿಸುಗುಟ್ಟಿದರು.

ತರ್ಕಶಾಸ್ತ್ರದವರ ಕಿವಿ ಚುರುಕು. ಅವರು ನಿರ್ದೇಶಕರ ಕಡೆ ತಿರುಗಿ ತಲೆಯಾಡಿಸಿದರು. ನಿರ್ದೇಶಕರು ಎದ್ದರು. ಕುರ್ಚಿಗಳು ಸರಿದವು. ಒಳಗೆ ದೊಡ್ಡ ಕೊಳಗವೊಂದು ಮೂಟೆ ಸೇರಿದ ಸದ್ದಾಯಿತು. ವಾರ್ಡನಮ್ಮನಿಗೆ ಕಾಲ ಕೆಳಗಿನ ನೆಲ ಆಗಲೇ ಬೇರೆಯವರದಾದ ಹಾಗನ್ನಿಸಿತು.

"ದಾಖಲೆಗಾಗಿ ಒಂದೇ ಪ್ರಶ್ನೆ," ಎಂದು ನಿರ್ದೇಶಕರು ಪುಸ್ತಕದಲ್ಲಿ ಬೆರಳಿಟ್ಟು ನಿಂತರು. "ಯಾವುದೇ ಚಟುವಟಿಕೆಯನ್ನು ಪ್ರಾರಂಭಿಸಿದವರಿಗೆ ನಾಯಕತ್ವದ ಕ್ರೆಡಿಟ್ ಪ್ರತ್ಯೇಕ ಇರತಕ್ಕದ್ದು. ಈ ಜಗಳವನ್ನು ಮೊದಲು ಶುರುಮಾಡಿದವರು ಯಾರು?"

ಈ ಪ್ರಶ್ನೆಗೆ ಎಷ್ಟೋ ವರ್ಷಗಳಿಂದ ಗೋಡೆಯ ಎರಡೂ ಕಡೆಯಿಂದ ಒಂದೇ ಉತ್ತರ ಬರುತ್ತಿತ್ತು: ನೀನೇ. ಈಗಲೂ ಎರಡೂ ಕಡೆಯಿಂದ ಒಟ್ಟಿಗೇ ಉತ್ತರ ಬಂತು.

"ನಾನು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀನಾ?" ಎಂದರು ಹೊಲಿಗೆಯಮ್ಮ. "ನಿನಗೆಲ್ಲಿತ್ತೇ ಧೈರ್ಯ? ಆ ಕೆಂಪು ಚಿಂದಿ ನಿನ್ನ ಹಾಲಿನ ಪಾತ್ರೆಗೆ ಬಿತ್ತಲ್ಲ, ಆವತ್ತು ಶುರುವಾಗಿದ್ದು. ಶುರು ಮಾಡಿದ್ದು ನಾನು!"

"ಅದು ಗಾಳಿಗೆ ಹಾರಿ ಬಂದಿದ್ದು ಅಂತ ನೀನೇ ಆಣೆ ಇಟ್ಟಿದ್ದೆ!"

"ಯಾವ ಗಾಳಿನೇ? ಎಲೆ ಅಲ್ಲಾಡ್ತಿರಲಿಲ್ಲ ಆವತ್ತು! ಉಂಡೆ ಕಟ್ಟಿ, ಗುರಿಯಿಟ್ಟು ನಾನೇ ಎಸೆದದ್ದು!"

"ಅಯ್ಯೋ ಪಾಪಿ!" ವಾರ್ಡನಮ್ಮ ಸೆರಗು ಬಿಗಿದರು. "ಒಂದು ಪಾತ್ರೆ ಹಾಲು ಚೆಲ್ಲಿದೆ ನಾನು! ಆದ್ರೂ ಮೊದಲು ನೀನಲ್ಲ. ಅದಕ್ಕೂ ಮುಂಚೆ ಮೋರಿಗೆ ಇಟ್ಟಿಗೆ ಅಡ್ಡ ಇಟ್ಟು ನೀರು ನಿನ್ನ ಕಡೆ ತಿರುಗಿಸಿದ್ದು ನಾನು. ನೀನು ಅಂಗಡಿ ತೆರೆದ ಮಾರನೇ ದಿನವೇ!"

"ಇಲಿ ಬಿಲ ತೋಡಿದೆ ಅಂದಿದ್ಯಲ್ಲೇ! ನಾನು ಇಲಿಗೆ ಬೋನು ಇಟ್ಟು ಇಟ್ಟು ಸಾಕಾದೆನಲ್ಲೇ!"

"ಆ ಇಲಿ ನಾನೇ ಕಣೇ!"

ಮುಂದಿನದು ಬರೆಯಲು ಬಾರದ್ದು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಇಬ್ಬರಿಗೂ ಎಲ್ಲ ಕೇಳುತ್ತಿತ್ತು. ಎದ್ದಿದ್ದ ಪ್ರಾಧ್ಯಾಪಕರು ಕುರ್ಚಿಗಳನ್ನು ಎಳೆದುಕೊಂಡು ಓಡಿಬಂದರು. ಹೊಲಿಗೆಯಮ್ಮ ವಾರ್ಡನಮ್ಮನ ಅತ್ತೆಯ ಸುದ್ದಿ ಎತ್ತಿದೊಡನೆ ಇತಿಹಾಸದವರು ಕೈಯೆತ್ತಿದರು. ಇಳಿಜಾರಿನ ಮಾತಿಗೆ ಭೂಗೋಳದವರು ಎದ್ದರು. "ಗಾಳಿ ನಮ್ಮದು!" ಎಂದು ಭೌತಶಾಸ್ತ್ರದವರು ಕೂಗಿದರೆ, "ಗಾಳಿ ಬೀಸಲೇ ಇಲ್ಲ ಅಂತ ಈಗ ತಾನೆ ಸಾಬೀತಾಯ್ತಲ್ಲ ಸ್ವಾಮಿ, ಕೂತ್ಕೊಳ್ಳಿ!" ಎಂದು ತರ್ಕಶಾಸ್ತ್ರದವರು ಅವರ ಅಂಗಿ ಹಿಡಿದು ಎಳೆದರು. ಇಲಿ ಯಾರ ಪಾಲಿಗೆ ಸೇರಬೇಕೆಂಬ ಬಗ್ಗೆ ಪ್ರಾಣಿಶಾಸ್ತ್ರ ಮತ್ತು ಕಾವ್ಯಮೀಮಾಂಸೆಯ ನಡುವೆ ಕೈಕೈ ಮಿಲಾಯಿಸುವ ಹಂತ ಬಂತು. ಅವರ ಈ ಜಗಳಕ್ಕೆ ಯಾವ ಕ್ರೆಡಿಟ್ಟೂ ಸಿಗಲಿಲ್ಲ. ಅವರಿಗೆ ಆಗಲೇ ಪದವಿ ಇತ್ತು.

ಸಂಜೆಯ ಹೊತ್ತಿಗೆ ಎರಡು ಪದವಿಗಳಿಗೆ ಸಾಲುವಷ್ಟು ಕ್ರೆಡಿಟ್ ಸೇರಿ, ಮಿಕ್ಕದ್ದನ್ನು ಕಾಲೇಜು ತನ್ನಲ್ಲೇ ಇಟ್ಟುಕೊಂಡಿತು. ವಾರ್ಡನಮ್ಮನನ್ನು ಖಾಯಂ ಮಾಡಲಾಯಿತು. ಯಜಮಾನರು ಮೂಟೆ ಬಿಚ್ಚಿದರು. ಪದವಿಯ ಜೊತೆಗೆ ಬಂದ ಷರತ್ತು ಇಷ್ಟೇ: 'ಅನುಭವವು ಚಾಲ್ತಿಯಲ್ಲಿರತಕ್ಕದ್ದು. ಉಭಯರ ನಡುವೆ ವಾತ್ಸಲ್ಯ ಕಂಡುಬಂದಲ್ಲಿ ಪದವಿಯೂ, ಪದವಿಯ ಆಧಾರದ ಮೇಲೆ ದೊರೆತ ಹುದ್ದೆಯೂ, ಹುದ್ದೆಯ ಆಧಾರದ ಮೇಲೆ ದೊರೆತ ವಸತಿಯೂ ರದ್ದು.'

ಅಂದು ಹೊಲಿಗೆಯಮ್ಮ ಹಿಂಬಾಗಿಲಿನಿಂದ ಬಂದರು. ಯಜಮಾನರನ್ನು ಗೇಟಿಗೆ ಕಾವಲು ಕಳಿಸಲಾಯಿತು.

"ಇಟ್ಟಿಗೆ ನಿಜವೇನೇ?"

"ನಿಜ. ಚಿಂದಿ?"

"ಉಂಡೆ ಕಟ್ಟಿದ್ದೂ ನಿಜ."

ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸದ್ದಾಗಬಾರದಲ್ಲ. ಮರುದಿನದಿಂದ ಬೆಳಗಿನ ಜಗಳ ಕಾಲೇಜಿನ ವೇಳಾಪಟ್ಟಿಯಲ್ಲಿ ಸೇರಿತು. ಹುಡುಗಿಯರು ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತು ಟಿಪ್ಪಣಿ ಬರೆದುಕೊಂಡರು. ಬೀದಿಯಲ್ಲಿ ತರಕಾರಿಯವಳು, "ಇವತ್ತು ಕ್ಲಾಸ್ ಮುಗೀತಾ ಮೇಡಂ? ಕೊನೆಗೆ ಬೈದದ್ದು ಸರಿಯಾಗಿ ಕೇಳಿಸ್ಲಿಲ್ಲ," ಎಂದು ವಿಚಾರಿಸಿಕೊಳ್ಳುತ್ತಿದ್ದಳು.

ಹೀಗಿರಲು ಒಂದು ಬೆಳಗ್ಗೆ ಗೋಡೆಯಾಚೆಯಿಂದ ಉತ್ತರ ಬರಲಿಲ್ಲ. ಹೊಲಿಗೆ ಯಂತ್ರದ ಸದ್ದೂ ಇಲ್ಲ. ಹೊಲಿಗೆಯಮ್ಮ ಜ್ವರದಲ್ಲಿ ಮಲಗಿದ್ದಾರೆ, ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದು ತರಕಾರಿಯವಳು ಹೇಳಿದಳು. ವಾರ್ಡನಮ್ಮ ಬಿಸಿನೀರು, ಮಾತ್ರೆ, ಬಟ್ಟೆ ತೆಗೆದುಕೊಂಡು ಹೊರಟರೆ, ಗೇಟಿನಲ್ಲಿ ತಪಾಸಣೆಗೆ ಬಂದ ಸಸ್ಯಶಾಸ್ತ್ರದವರು ಎದುರಾದರು.

"ಎಲ್ಲಿಗೆ?"

ವಾರ್ಡನಮ್ಮ ಒಂದು ಗಳಿಗೆ ನಿಂತರು. ಹಿಂದೆ ಎರಡು ಕೋಣೆಯ ಮನೆ, ಮುಂದೆ ಹೊಲಿಗೆಯಮ್ಮನ ಮನೆ.

"ಜಗಳಕ್ಕೆ ಸಾರ್," ಎಂದು ನಡೆದೇಬಿಟ್ಟರು.

"ವಿಶೇಷ ತರಗತಿ," ಎಂದು ಗುರುತು ಹಾಕಿಕೊಂಡು ಅವರೂ ಹಿಂದೆ ಬಂದರು.

ಹೊಲಿಗೆಯಮ್ಮ ಹಾಸಿಗೆಯಲ್ಲಿ ಮುದುಡಿಕೊಂಡಿದ್ದರು. ಧ್ವನಿ ಪೂರ್ತಿ ಕಟ್ಟಿತ್ತು.

"ಸಾಯ್ಬೇಕು ಅಂತಿದ್ದೀಯೇನೇ?" ಎಂದು ವಾರ್ಡನಮ್ಮ ಬಾಗಿಲಿನಿಂದಲೇ ಶುರುಮಾಡಿದರು. "ಸಾಯೋದಾದ್ರೆ ಮಾತ್ರೆ ನುಂಗಿ ಸಾಯಿ! ಬಾಯಿ ತೆಗಿ! ಊರಿಗೆಲ್ಲ ಕೇಳೋ ಹಾಗೆ ತೆಗೀತಿದ್ದ ಬಾಯಿ ಈಗ ಏನಾಯ್ತು?"

"ಸಹಾನುಭವಿಯ ಕಡೆಯಿಂದ ಉತ್ತರ ಬರ್ತಿಲ್ಲ," ಎಂದರು ಅಧಿಕಾರಿಗಳು.

ಹೊಲಿಗೆಯಮ್ಮ ಕಷ್ಟಪಟ್ಟು ಮೊಣಕೈ ಊರಿದರು. "ನೀರು... ಬಿಸಿ ಇಲ್ಲ," ಎಂದರು.

"ಬಿಸಿ ಇಲ್ವಂತೆ! ಮಹಾರಾಣಿಗೆ ಬಿಸಿ ಸಾಲದಂತೆ!" ವಾರ್ಡನಮ್ಮ ಆಕೆಯ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಹಣೆ ಒರೆಸತೊಡಗಿದರು.

"ಇದೇನು?" ಅಧಿಕಾರಿಗಳು ಹತ್ತಿರ ಬಂದರು.

"ಇವಳ ಹಣೆ ಕಂಡ್ರೆ ನನಗೆ ಆಗಲ್ಲ ಸಾರ್. ಒರೆಸಿಹಾಕ್ತಿದ್ದೀನಿ. ಸುಮ್ನೆ ನಿಂತಿದ್ದೀರಲ್ಲ, ಈ ಬೋಗುಣಿ ಸ್ವಲ್ಪ ಹಿಡ್ಕೊಳ್ಳಿ."

ಸಸ್ಯಶಾಸ್ತ್ರದವರು ಬೋಗುಣಿ ಹಿಡಿದು ನಿಂತರು. ನೀರು ತಣ್ಣಗಾದಾಗ ಹೋಗಿ ಬದಲಾಯಿಸಿಕೊಂಡೂ ಬಂದರು. ಹೊಲಿಗೆಯಮ್ಮನಿಗೆ ನಿದ್ದೆ ಹತ್ತಿದ ಮೇಲೆ ಕೈ ಒರೆಸಿಕೊಂಡು, ಕಿಟಕಿಯ ಬೆಳಕಿನಲ್ಲಿ ವರದಿ ಬರೆದರು. ನಿರ್ದೇಶಕರು ಅದಕ್ಕೆ ಅಂದೇ ಒಪ್ಪಿಗೆ ಕೊಟ್ಟು ಆದೇಶ ಹೊರಡಿಸಿದರು:

'ಉಭಯರ ನಡುವಿನ ದ್ವೇಷವು ಉತ್ತಮ ಸ್ಥಿತಿಯಲ್ಲಿದೆ. ಸಹಾನುಭವಿಯು ಪೂರ್ಣ ಚೇತರಿಸಿಕೊಳ್ಳುವವರೆಗೆ ಇದನ್ನು ಇದೇ ಪ್ರಮಾಣದಲ್ಲಿ ದಿನಕ್ಕೆ ಮೂರು ಹೊತ್ತು ಮುಂದುವರಿಸತಕ್ಕದ್ದು.'